ಎಂಟೋ, ಒಂಬತ್ತೋ?

1937ರ ಬೇಸಿಗೆ. ಆಗ ನಾನು ಪುಣೆಯ ಒಂದು ರಸ್ತೆ ಕಂತ್ರಾಟು ಕಂಪನಿಯಲ್ಲಿ ಸೇಫ್ಟಿ ಓವರ್‌ಸಿಯರ್ ಆಗಿದ್ದೆ. ಆ ಹುದ್ದೆ ಕಂಪನಿಗೂ ಹೊಸದು, ನನಗೂ ಹೊಸದು. ಹಿಂದಿನ ವರ್ಷ ಅವರದೇ ಇನ್ನೊಂದು ಕಲ್ಲುಗಣಿಯಲ್ಲಿ ಮದ್ದು ಸಿಡಿದು ಇಬ್ಬರು ಸತ್ತಿದ್ದರು. ಅದರ ನಂತರ, ಕೆಲಸಗಾರರಿಗೂ ಅವರ ಮೇಲ್ವಿಚಾರಕರಿಗೂ ಸುರಕ್ಷತೆಯ ಪಾಠ ಹೇಳಲು ಒಬ್ಬ ಮನುಷ್ಯ ಬೇಕೆಂದು ಮಾಲೀಕರಿಗೆ ಅನ್ನಿಸಿತು. ಓವರ್‌ಸಿಯರ್ ಪರೀಕ್ಷೆ ಪಾಸಾದವರು ಪುಣೆಯಲ್ಲಿ ಬೇಕಾದಷ್ಟು ಜನ ಇದ್ದರು. ಆದರೆ ಗಣಿಯಲ್ಲಿ ದುಡಿಯುತ್ತಿದ್ದವರೆಲ್ಲ ಬಾಗಲಕೋಟೆ, ವಿಜಾಪುರದ ಕಡೆಯಿಂದ ಬಂದವರು. ಅವರ ಮಾತಿನಲ್ಲೇ ಹೇಳಬಲ್ಲ ಧಾರವಾಡದವನು ಎಂಬ ಕಾರಣಕ್ಕೆ ಕೆಲಸ ನನ್ನ ಪಾಲಿಗೆ ಬಂತು.

ಗಣಿ ಇದ್ದದ್ದು ಔಂಧ ದಾಟಿ, ಮುಳಾ ನದಿಯ ಆಚೆ, ವಾಕಡದ ಹತ್ತಿರ. ಆಗ ಅದು ಜೋಳದ ಹೊಲಗಳ ನಡುವಿನ ಸಣ್ಣ ಹಳ್ಳಿ. ಹೊಲಗಳ ಹಿಂದೆ ಒಂದು ಕಪ್ಪು ಕಲ್ಲಿನ ದಿಬ್ಬ. ಆ ದಿಬ್ಬದ ಹೊಟ್ಟೆಯನ್ನು ವರ್ಷಾನುಗಟ್ಟಲೆ ಕೊರೆದು ದೊಡ್ಡ ಬಟ್ಟಲಿನಂತೆ ಮಾಡಿದ್ದರು. ಒಳಗೆ ಹೋಗಲು ಒಂದೇ ದಾರಿ: ಬಂಡೆಯನ್ನು ಸೀಳಿ ಮಾಡಿದ, ಒಂದು ಬಂಡಿ ಹಿಡಿಸುವಷ್ಟೇ ಅಗಲದ ಓಣಿ. ಅದು ನಡುವೆ ಒಮ್ಮೆ ತಿರುಗುತ್ತಿತ್ತು. ತಿರುವಿನ ಈಚೆ ನಿಂತವರಿಗೆ ಒಳಗಿನ ಕಲ್ಲು ಸಿಡಿದು ತಾಗುವ ಭಯವಿರಲಿಲ್ಲ.

ಅಲ್ಲಿನ ಕೆಲಸದ ಬಗ್ಗೆ ಸ್ವಲ್ಪ ಹೇಳಬೇಕು. ಬಂಡೆಯಲ್ಲಿ ಹಾರೆಯಿಂದ ಆಳವಾಗಿ ತೂತು ಕೊರೆದು, ಅದರಲ್ಲಿ ಜಿಲೆಟಿನ್ ಕಡ್ಡಿ ಇಳಿಸಿ, ಬತ್ತಿ ಜೋಡಿಸಿ, ಮಣ್ಣಿನಿಂದ ಬಾಯಿ ಕಟ್ಟುತ್ತಿದ್ದರು. ಹೀಗೆ ಮದ್ದು ತುಂಬಿದ ತೂತಿಗೆ ಅಲ್ಲಿ ಸುರುಂಗ ಎಂದು ಹೆಸರು. ಎಲ್ಲರೂ ಓಣಿಯ ಈಚೆ ಬಂದ ಮೇಲೆ ಒಬ್ಬ ನುರಿತವನು ಬತ್ತಿಗಳಿಗೆ ಸಾಲಾಗಿ ಕಿಡಿ ತಾಗಿಸಿ ಓಡಿ ಬರುತ್ತಿದ್ದ. ಒಂದರ ಹಿಂದೊಂದು ಸುರುಂಗ ಹಾರುತ್ತಿತ್ತು. ಅಪಾಯ ಇದ್ದದ್ದು ಹಾರಿದ ಸುರುಂಗದಲ್ಲಲ್ಲ, ಹಾರದೆ ಉಳಿದದ್ದರಲ್ಲಿ. ಬತ್ತಿಗೆ ತೇವ ತಾಗಿದ್ದರೆ ಬೆಂಕಿ ಒಳಗೊಳಗೇ ಹೊಗೆಯಾಡುತ್ತ ಬಹಳ ಹೊತ್ತು ತೆವಳುತ್ತದೆ. ಎಲ್ಲ ಮುಗಿಯಿತೆಂದು ಜನ ಒಳಗೆ ಹೋದಾಗ ಸಿಡಿಯುತ್ತದೆ. ಹಿಂದಿನ ವರ್ಷ ಆದದ್ದೂ ಇದೇ.

ಮೊದಲ ವಾರ ನಾನು ಮುಂಬಯಿಯಿಂದ ತರಿಸಿದ ಬಣ್ಣದ ಚಿತ್ರಪಟಗಳನ್ನು ಗಣಿಯ ಹೊರಗಿನ ಕೊಟ್ಟಿಗೆಯ ಗೋಡೆಗೆ ತೂಗುಹಾಕಿ ಉಪನ್ಯಾಸ ಕೊಟ್ಟೆ. ಮಧ್ಯಾಹ್ನದ ಬಿಸಿಲಲ್ಲಿ ಕಲ್ಲು ಹೊತ್ತು ಬಂದವರು ನೆರಳು ಸಿಕ್ಕಿದ್ದೇ ಪುಣ್ಯವೆಂದು ಕೂತಲ್ಲೇ ತೂಕಡಿಸಿದರು. ಆಮೇಲೆ ಪಾಠವನ್ನು ಬಂಡೆಯ ಮುಂದಕ್ಕೇ ಒಯ್ದೆ. ಒಂದೇ ಮಾತು ಹಿಡಿದೆ: ಎಷ್ಟು ಬತ್ತಿ ಹಚ್ಚುತ್ತಾರೆಂದು ಮುಕಾದಮ ಕೂಗಿ ಹೇಳಬೇಕು, ಸಿಡಿಯುವ ಪ್ರತಿಯೊಂದು ಸದ್ದನ್ನೂ ಎಲ್ಲರೂ ಬಾಯಿಬಿಟ್ಟು ಎಣಿಸಬೇಕು, ಲೆಕ್ಕ ಕೂಡದಿದ್ದರೆ ಯಾರೂ ಒಳಗೆ ಹೋಗಬಾರದು.

ಮುಕಾದಮ ಎಂದರೆ ಕೂಲಿಗಳ ಮೇಲ್ವಿಚಾರಕ. ಅಲ್ಲಿದ್ದವನು ಯಲ್ಲಪ್ಪ. ಐವತ್ತು ದಾಟಿದ ಆಳು, ಎತ್ತರದ ಮೈಕಟ್ಟು, ಮಾತು ಕಡಿಮೆ. ಅವತ್ತು ಅವನೊಂದು ಪ್ರಶ್ನೆ ಕೇಳಿದ.

"ರಾಯರ, ಒಬ್ಬರ ಎಣಿಕಿ ಒಂದು, ಇನ್ನೊಬ್ಬರದು ಇನ್ನೊಂದು ಆತಂದ್ರ? ಎರಡು ಸುರುಂಗ ಕೂಡೇ ಹಾರಿದ್ರ ಒಂದ ಸಪ್ಪಳ ಕೇಳಸ್ತದ. ಆವಾಗ ಯಾರದು ಹಿಡೀಬೇಕ್ರಿ?"

"ಕಡಿಮಿ ಯಾರದೈತೋ ಅವರದು" ಅಂದೆ. "ನೂರು ಮಂದಿ ಹೆಚ್ಚು ಹೇಳಿದರೂ, ಒಬ್ಬರು ಕಡಿಮಿ ಹೇಳಿದ್ರ ಅವರದ ಖರೆ ಅಂತ ತಿಳೀಬೇಕು. ಅರ್ಧ ತಾಸು ಕುಂದರಬೇಕು."

ಅವನು ತಲೆಯಾಡಿಸಿದ. ಒಪ್ಪಿದನೋ, ಕೇಳಿಸಿಕೊಂಡೆ ಎಂದಷ್ಟೇ ಸೂಚಿಸಿದನೋ ತಿಳಿಯಲಿಲ್ಲ.

ಮಳೆಗಾಲ ಹತ್ತಿರ ಬಂತು. ಹೊಳೆಗೆ ಅಡ್ಡಲಾಗಿ ಕಟ್ಟುತ್ತಿದ್ದ ಒಂದು ಮೋರಿಗೆ ಕಲ್ಲು ತುರ್ತಾಗಿ ಬೇಕಿತ್ತು. ಮೊದಲ ಮಳೆಗೆ ಮುಂಚೆ ಅಡಿಪಾಯ ಮೇಲೇಳದಿದ್ದರೆ ಆವರೆಗಿನ ಕೆಲಸವೆಲ್ಲ ಹೊಳೆಯ ಪಾಲು. ಗಣಿಯ ಉಸ್ತುವಾರಿ ನೋಡುತ್ತಿದ್ದ ಬಾಬುರಾವ್ ಹಗಲೆಲ್ಲ ಅಲ್ಲೇ ಇರತೊಡಗಿದರು. ಅವರು ಕೆಟ್ಟವರಲ್ಲ. ತಾವೂ ಒಂದು ಕಾಲಕ್ಕೆ ಹಾರೆ ಹಿಡಿದು ಮೇಲೆ ಬಂದವರು. ಜನರೊಂದಿಗೆ ಕೂತು ಬುತ್ತಿ ಬಿಚ್ಚುತ್ತಿದ್ದರು, ಅವರ ಕನ್ನಡ ಕಲಿತು ತಮ್ಮ ಮರಾಠಿಯೊಳಗೆ ಕಲಸಿಕೊಂಡಿದ್ದರು. ಅವರಿಗೆ ಭಯವೆಂಬುದು ಗೊತ್ತಿರಲಿಲ್ಲ. ನನ್ನ ವೃತ್ತಿಯಲ್ಲಿ ಅಂಥವರನ್ನು ಕಂಡರೆ ಹೆಚ್ಚು ಜೋಪಾನವಾಗಿರಬೇಕು.

ಅವತ್ತು ಊಟದ ಹೊತ್ತಿಗೆ ಮುಂಚೆ ಒಂಬತ್ತು ಸುರುಂಗ ತಯಾರಾದವು. ಹಿಂದಿನ ದಿನ ಸಂಜೆ ಅಕಾಲಿಕವಾಗಿ ನಾಲ್ಕು ಹನಿ ಬಿದ್ದಿತ್ತು. ಯಲ್ಲಪ್ಪ "ಒಂಬತ್ತ ಅದಾವ ನೋಡ್ರೆಪಾ, ಒಂಬತ್ತ!" ಎಂದು ಕೂಗಿದ. ಎಲ್ಲರೂ ಓಣಿಯ ತಿರುವಿನ ಈಚೆ ಬಂದರು. ಬತ್ತಿ ಹಚ್ಚಿದವನು ಓಡಿ ಬಂದು ಸೇರಿಕೊಂಡ. ಮೊದಲನೆಯದು ಹಾರಿತು. ಗಂಡಸರು, ಹೆಂಗಸರು ಒಟ್ಟಿಗೆ "ಒಂದು" ಎಂದರು. ನೆಲ ಕಾಲಡಿಯಲ್ಲಿ ನಡುಗುತ್ತಿತ್ತು, ಎಣಿಕೆ ಏರುತ್ತಿತ್ತು. ನಡುವೆ ಒಂದು ಸಪ್ಪಳ ಉಳಿದವುಗಳಿಗಿಂತ ದಪ್ಪಗೆ, ಎಳೆದಂತೆ ಕೇಳಿತು. ಜನ ಅದನ್ನು ಎರಡೆಂದು ಹಿಡಿದರು. ನಾನೂ ಹಾಗೇ ಹಿಡಿದೆ. ಕೊನೆಯದು ಹಾರಿದಾಗ ಎಲ್ಲರೂ "ಒಂಬತ್ತು" ಎಂದರು.

ಒಂದು ದನಿ ಮಾತ್ರ "ಎಂಟು" ಅಂದಿತು.

ಅದು ಸಾವಕ್ಕ. ಬುಟ್ಟಿಯಲ್ಲಿ ಕಲ್ಲುಚೂರು ಹೊರುವ ಹೆಂಗಸು. ಅವಳ ಬಾಯಿಗೆ ಗಣಿಯಲ್ಲಿ ಯಾರೂ ಎದುರಾಗುತ್ತಿರಲಿಲ್ಲ. ನೀರಿನ ಪಾಳಿಯ ಬಗ್ಗೆ ಯಲ್ಲಪ್ಪನೊಂದಿಗೆ ಜಗಳವಾಡಿ, ಒಂದು ತಿಂಗಳಿಂದ ಅವರಿಬ್ಬರ ನಡುವೆ ಮಾತೇ ಇರಲಿಲ್ಲ.

"ಏ, ನಿನಗ ಕಿವಿ ಮಂದ ಆಗ್ಯಾವ" ಎಂದು ಯಾರೋ ನಕ್ಕರು.

"ನನ್ನ ಕಿವೀಗೆ ಏನೂ ಆಗಿಲ್ಲ" ಎಂದಳು ಸಾವಕ್ಕ. "ನಡುವಿಂದು ಒಂದ ಐತಿ, ದೊಡ್ಡದು. ಎರಡಲ್ಲ. ಎಂಟ ಹಾರ್ಯಾವ."

ಎಲ್ಲರೂ ಯಲ್ಲಪ್ಪನ ಮುಖ ನೋಡಿದರು. ಅವನು ಸಾವಕ್ಕನ ಕಡೆ ತಿರುಗಲಿಲ್ಲ. ಸ್ವಲ್ಪ ಹೊತ್ತು ಓಣಿಯ ತಿರುವಿನಲ್ಲಿ ಇಳಿಯುತ್ತಿದ್ದ ಧೂಳನ್ನು ನೋಡಿದ. ಆಮೇಲೆ, "ಕುಂದರ್ರಿ ಎಲ್ಲಾರೂ" ಅಂದ.

ಬಾಬುರಾವ್ ಬಂಡಿಗಳನ್ನು ಹೂಡಿಸಿ ಸಿದ್ಧವಾಗಿ ನಿಂತಿದ್ದರು. ಕೆಲವು ನಿಮಿಷ ತಡೆದರು. ಆಮೇಲೆ ಸಿಡಿಮಿಡಿಯಾದರು. "ಅರೆ ಯಲ್ಲಪ್ಪಾ, ಒಂಬತ್ತ ಹಾರ್ಯಾವ. ನಾನ ಎಣಿಸೀನಿ. ವೇಳ ಹೊಂಟದ. ಹೊಳಿ ನನ್ನ ಸಲುವಾಗಿ ನಿಂದರತದೇನು?"

"ಅರ್ಧ ತಾಸ್ರೀ ಸಾಹೇಬ್ರ."

"ಒಬ್ಬ ಬಾಈ ಮಾತಿಗೆ ಅರ್ಧ ತಾಸು?"

ಬಾಬುರಾವ್ ನನ್ನ ಕಡೆ ತಿರುಗಿದರು. ನಿಯಮ ಅದೇ ಎಂದೆ. ಅವರು ಕೈ ಬೀಸಿದರು. ಸಿಟ್ಟಿನಿಂದಲ್ಲ, ಇನ್ನು ವಾದ ಸಾಕು ಎನ್ನುವವರ ಹಾಗೆ. "ಯಾರೂ ಬರಬ್ಯಾಡ್ರಿ. ನಾನ ಒಬ್ಬನ ಹೋಗಿ ನೋಡಿ ಬರತೀನಿ. ಸುರುಂಗ ಉಳಿದಿದ್ರ ನನ್ನ ತಲಿ ಮ್ಯಾಲ ಹಾರಲಿ." ಧೋತರದ ಚುಂಗು ಎತ್ತಿ ಕಟ್ಟಿ ಓಣಿಯೊಳಗೆ ನಡೆದರು.

ಅಧಿಕಾರದಲ್ಲಿ ಅವರು ನನಗಿಂತ ಮೇಲಿದ್ದರು. ನಾನು ಹಿಂದೆ ಓಡಿ ತೋಳು ಹಿಡಿದೆ. ಅವರು ಮೆಲ್ಲಗೆ ಬಿಡಿಸಿಕೊಂಡರು. ಇನ್ನೇನು ಮಾಡಬೇಕೆಂದು ನನಗೆ ತೋಚುವ ಮುಂಚೆ ಯಲ್ಲಪ್ಪ ನಮ್ಮಿಬ್ಬರನ್ನೂ ಬಳಸಿ ಮುಂದೆ ಹೋದ. ತಿರುವಿಗೆ ಸ್ವಲ್ಪ ಈಚೆ, ಓಣಿ ಎಲ್ಲಕ್ಕಿಂತ ಇಕ್ಕಟ್ಟಾದ ಕಡೆ, ದಾರಿಗೆ ಅಡ್ಡಲಾಗಿ ಕಾಲು ಚಾಚಿ ಕೂತುಬಿಟ್ಟ. ಬಾಬುರಾವ್ ನಿಂತರು.

"ಏಳು."

"ದಾಟಿ ಹೋಗ್ರಿ ಸಾಹೇಬ್ರ" ಅಂದ ಯಲ್ಲಪ್ಪ. "ನಾ ಏಳಾಂಗಿಲ್ಲ. ನನ್ನ ದಾಟಿ ಹೋಗ್ರಿ."

ಕೂತ ಮನುಷ್ಯನನ್ನು ದಾಟಿ ಹೋಗಬಾರದು ಎಂಬುದು ನಮ್ಮ ಕಡೆಯ ಮನೆಮನೆಯ ಮಾತು. ಮರಾಠಿ ಮನೆಗಳಲ್ಲೂ ಹಾಗೇ. ಅದರಲ್ಲೂ ವಯಸ್ಸಾದವರನ್ನು ದಾಟುವುದೆಂದರೆ ಅವರ ಸಾವನ್ನು ಕರೆದಂತೆ. ಬಾಬುರಾವ್ ಆಚೀಚೆ ಜಾಗ ಹುಡುಕಿದರು. ಅಷ್ಟರಲ್ಲಿ ಹಿಂದಿನಿಂದ ಹೆಜ್ಜೆ ಸಪ್ಪಳ ಕೇಳಿತು. ಸಾವಕ್ಕ ಬಂದು, ಯಲ್ಲಪ್ಪನಿಗೆ ಬೆನ್ನು ಮಾಡಿಯೇ, ಅವನ ಪಕ್ಕದ ಜಾಗದಲ್ಲಿ ಕೂತಳು. ಅವಳ ಹಿಂದೆ ಇನ್ನೊಬ್ಬಳು. ಆಮೇಲೆ ಗಂಡಸರು. "ಒಂಬತ್ತು" ಎಂದು ಕೂಗಿದವರು, ಸಾವಕ್ಕನನ್ನು ಕಂಡು ನಕ್ಕವರು, ಬತ್ತಿ ಹಚ್ಚಿದವನು, ಬಂಡಿ ಹೊಡೆಯುವವರು. ಯಾರೂ ಕರೆದಿರಲಿಲ್ಲ. ಓಣಿ ಈ ಗೋಡೆಯಿಂದ ಆ ಗೋಡೆಯವರೆಗೆ ಮನುಷ್ಯರಿಂದ ತುಂಬಿಹೋಯಿತು. ಬಾಬುರಾವ್ ಅವರ ನಡುವೆ, ಕಾಲಿಡಲು ಜಾಗವಿಲ್ಲದೆ, ಒಬ್ಬರೇ ನಿಂತಿದ್ದರು.

ಎಷ್ಟು ಹೊತ್ತು ಹಾಗೇ ಕಳೆಯಿತೋ. ಕೈಗಡಿಯಾರ ನೋಡುವುದು ನನ್ನ ಕೆಲಸವಾಗಿತ್ತು, ಆದರೆ ಆ ಜನರ ಮೇಲಿಂದ ಕಣ್ಣು ಕೀಳಲಾಗಲಿಲ್ಲ. ಬಿಸಿಲು ನೆತ್ತಿಯ ಮೇಲಿತ್ತು. ಎತ್ತುಗಳ ಕೊರಳ ಗೆಜ್ಜೆ ಆಗಾಗ ಸದ್ದು ಮಾಡುತ್ತಿತ್ತು. ಬಾಬುರಾವ್ ರುಮಾಲಿನ ತುದಿಯಿಂದ ಬೆವರು ಒರೆಸಿಕೊಂಡು ಏನೋ ಹೇಳಲು ಬಾಯಿ ತೆರೆದರು.

ಆಗ ದಿಬ್ಬ ಸಿಡಿಯಿತು.

ಅದು ಬರೀ ಸಪ್ಪಳವಲ್ಲ. ಸಪ್ಪಳಕ್ಕೆ ಮುಂಚೆ ನೆಲ ನಮ್ಮನ್ನು ಎತ್ತಿ ಕೆಳಗಿಟ್ಟಿತು. ಆಮೇಲೆ ಓಣಿಯ ತಿರುವಿನಿಂದ ಬಿಸಿ ಗಾಳಿ ನುಗ್ಗಿ ಬಂದು ಹೆಂಗಸರ ಸೆರಗುಗಳು ಒಟ್ಟಿಗೆ ಹಿಂದಕ್ಕೆ ಹಾರಿದವು. ಬಟ್ಟಲಿನೊಳಗೆ, ಮೊದಲಿನ ಎಂಟರಿಂದ ಸಡಿಲವಾಗಿದ್ದ ಕಲ್ಲು ಕಲ್ಲಿನ ಮೇಲೆ ಬೀಳುವುದು ನಿಲ್ಲಲೇ ಇಲ್ಲ. ಇನ್ನೇನು ಮುಗಿಯಿತು ಎನ್ನುವಾಗ ಮತ್ತೊಂದು ಬಂಡೆ ಜಾರುತ್ತಿತ್ತು. ಎತ್ತುಗಳು ಬೆದರಿ ಬಂಡಿ ಸಮೇತ ಹೊಲದ ಕಡೆ ಓಡಿದವು. ಧೂಳು ಕವಿದು ಪಕ್ಕದವರ ಮುಖವೂ ಕಾಣದಾಯಿತು.

ಎಲ್ಲ ಅಡಗಿದ ಮೇಲೂ ಯಾರೂ ಏಳಲಿಲ್ಲ. ನಾನು ಪ್ರಾಯದಲ್ಲಿ ದೇವರ ದರ್ಶನಕ್ಕೆಂದು ಪಂಢರಪುರಕ್ಕೆ ಹೋಗಿದ್ದೇನೆ, ಸಮುದ್ರವನ್ನು ಮೊದಲ ಸಲ ನೋಡಿದ ದಿನವೂ ನೆನಪಿದೆ. ಆದರೆ ಆ ಓಣಿಯಲ್ಲಿ, ಮೈಮೇಲೆಲ್ಲ ಬೂದಿಬಣ್ಣದ ಧೂಳು ಬಳಿದುಕೊಂಡು, ಉಸಿರಾಡುತ್ತ ಕೂತಿದ್ದ ಆ ಮಂದಿಯನ್ನು ನೋಡಿ ಕೈ ಮುಗಿಯಬೇಕೆನಿಸಿದ ಹಾಗೆ ಬೇರೆಲ್ಲೂ ಅನ್ನಿಸಿಲ್ಲ.

ಬಾಬುರಾವ್ ನಿಂತಲ್ಲೇ ಕುಸಿದು ಅವರ ನಡುವೆ ಕೂತರು. ಯಲ್ಲಪ್ಪನನ್ನು ಕೇಳಿದರು, "ನಿನಗ ಗೊತ್ತಿತ್ತೇನು, ಒಂದು ಉಳಿದದ ಅಂತ?"

"ಇಲ್ರಿ" ಅಂದ ಯಲ್ಲಪ್ಪ. "ಒಂಬತ್ತೂ ಹಾರ್ಯಾವ ಅಂತಾನ ತಿಳಕೊಂಡಿದ್ದೆ. ನಿಮ್ಮಂಗನ."

ನಾನು ಅವನ ಹತ್ತಿರ ಸರಿದು ಕೇಳಿದೆ, "ಹಂಗಿದ್ರ ಯಾಕ ಕುಂತಿ?"

ಅವನು ಕಣ್ಣಿನ ಧೂಳು ಒರೆಸಿಕೊಂಡ. "ಎಲ್ಲಾ ಹಾರ್ಯಾವ ಅಂತ ನನಗ ಪಕ್ಕಾ ಇತ್ರಿ ರಾಯರ. ಕೊಂಚನೂ ಸಂಶೆ ಇರಲಿಲ್ಲ. ಅದಕ್ಕ ನನಗ ಅಂಜಿಕಿ ಬಂತು. ಹ್ವಾದ ವರ್ಷ ಸತ್ತವರಿಗೂ ಹಿಂಗ ಪಕ್ಕಾ ಇತ್ತಲ್ರಿ."

ಸಂಜೆ ಒಳಗೆ ಹೋಗಿ ನೋಡಿದೆವು. ದಿಬ್ಬದ ಮುಖವೇ ಬದಲಾಗಿತ್ತು. ಕಲ್ಲು ಹೊರುವ ಹೆಂಗಸರು ದಿನಾಲೂ ಸಾಲಾಗಿ ನಿಲ್ಲುತ್ತಿದ್ದ ಜಾಗದ ಮೇಲೆ ಆಳೆತ್ತರದ ಬಂಡೆಯೊಂದು ಬಂದು ಕೂತಿತ್ತು. ಬಾಬುರಾವ್ ಅದರ ಮೇಲೆ ಅಂಗೈ ಇಟ್ಟು ನಿಂತರು. ಇನ್ನೂ ಬಿಸಿಯಿತ್ತೆಂದು ಆಮೇಲೆ ಹೇಳಿದರು. ಬಿಸಿಲಿನದೋ ಸಿಡಿತದ್ದೋ ಗೊತ್ತಿಲ್ಲ. ಆ ಬೇಸಿಗೆಯಲ್ಲಿ ಮೋರಿಯ ಅಡಿಪಾಯ ಮೇಲೆದ್ದಿತು, ಮಳೆಯೂ ತಡವಾಗಿ ಬಂದು ಉಪಕಾರ ಮಾಡಿತು.

ಅದಾದ ಮೇಲೆ ನಾನು ನಿವೃತ್ತನಾಗುವವರೆಗೂ ಹಲವು ಕಾರ್ಖಾನೆಗಳಲ್ಲಿ, ಗಿರಣಿಗಳಲ್ಲಿ ಇದೇ ಪಾಠ ಹೇಳಿದೆ. ತಿಳಿಯದವರಿಗೆ ತಿಳಿವಳಿಕೆ ಕೊಡುವುದೇ ಸುರಕ್ಷತೆಯ ಶಿಕ್ಷಣ ಎಂದು ಮೊದಲು ನಂಬಿದ್ದೆ. ಆ ದಿನದ ನಂತರ ಹಾಗೆ ನಂಬಲಾಗಲಿಲ್ಲ. ತನಗೆ ಖಚಿತವಾಗಿ ಗೊತ್ತಿದೆ ಎಂದು ಅನ್ನಿಸಿದ ಗಳಿಗೆಯಲ್ಲೂ ನಿಯಮದ ಪಕ್ಕ ಕೂರುವ ಗಟ್ಟಿತನ ಮನುಷ್ಯನಲ್ಲಿ ಬೆಳೆಯಬೇಕು. ಅದನ್ನು ಪಟ ತೋರಿಸಿ ಕಲಿಸಲಾಗುವುದಿಲ್ಲ. ಒಬ್ಬ ಕೂತಾಗ ಉಳಿದವರು ಅವನ ಪಕ್ಕ ಬಂದು ಕೂರಬೇಕು.

ನಮ್ಮ ಕೆಲಸದಲ್ಲಿ ಇನ್ನೊಂದು ವಿಚಿತ್ರವಿದೆ. ಅದು ಸರಿಯಾಗಿ ನಡೆದ ದಿನ ಏನೂ ಆಗುವುದಿಲ್ಲ. ಡಾಕ್ಟರನಿಗೆ ವಾಸಿಯಾದ ರೋಗಿ ಸಿಗುತ್ತಾನೆ, ವಕೀಲನಿಗೆ ಗೆದ್ದ ದಾವೆ ಸಿಗುತ್ತದೆ. ನಮ್ಮಿಂದ ಉಳಿದವರು ಯಾರೆಂದು ನಮಗೂ ತಿಳಿಯುವುದಿಲ್ಲ, ಅವರಿಗೂ ತಿಳಿಯುವುದಿಲ್ಲ. ಇಡೀ ವೃತ್ತಿಜೀವನದಲ್ಲಿ ಅವರನ್ನು ಕಣ್ಣಾರೆ ನೋಡುವ ಭಾಗ್ಯ ನನಗೆ ಒಂದೇ ಸಲ ಸಿಕ್ಕಿತು. ಆ ಸಂಜೆ ಗಣಿಯ ಬಾಯಲ್ಲಿ ನಿಂತು ನೋಡಿದೆ. ಖಾಲಿ ಬುಟ್ಟಿಗಳನ್ನು ತಲೆಯ ಮೇಲೆ ಕವುಚಿಕೊಂಡು, ರಾತ್ರಿಗೆ ಝುಣಕ ಮಾಡುವುದೋ ಬೇಳೆ ಮಾಡುವುದೋ ಎಂದು ಜೋರಾಗಿ ಮಾತಾಡಿಕೊಳ್ಳುತ್ತ, ಒಬ್ಬರೂ ಕಡಿಮೆಯಾಗದೆ, ಜೋಳದ ಹೊಲದ ಬದುವಿನ ಮೇಲೆ ಎಲ್ಲರೂ ತಮ್ಮ ಗುಡಿಸಲುಗಳ ಕಡೆ ನಡೆದು ಹೋದರು.