ಎರಡು ಕಾದಂಬರಿಗಳನ್ನು ಕೆಚ್ಚಿದ ಅಶ್ವತ್ಥಮ್ಮ

ದೊಡ್ಡಬಳ್ಳಾಪುರದ ಮಗ್ಗಗಳಿಗೆ ಇನ್ನೂ ಎಚ್ಚರವಾಗಿಲ್ಲ. ಹಾಲಿನ ಗಾಡಿಯೊಂದು ಬಿಟ್ಟರೆ ಬೀದಿಯಲ್ಲಿ ಸದ್ದಿಲ್ಲ. ಒಂದು ಮಗ್ಗದ ಮನೆಯೊಳಗೆ ಮಾತ್ರ ಟ್ಯೂಬ್‌ಲೈಟು ಉರಿಯುತ್ತಿದೆ. ಅದರ ಕೆಳಗೆ ಗಿಡ್ಡ ಮಣೆಯ ಮೇಲೆ ಅಶ್ವತ್ಥಮ್ಮ ಕೂತಿದ್ದಾರೆ, ಎದುರಿಗೆ ಒಬ್ಬಳು ಹುಡುಗಿ. ಎಡಕ್ಕೆ ನೇಯ್ದು ಮುಗಿದ ಹಾಸಿನ, ಅಂದರೆ ಸೀರೆಯ ಉದ್ದೆಳೆಗಳ, ತುದಿಗಳು, ಬಲಕ್ಕೆ ಹೊಸ ಹಾಸಿನ ಎಳೆಗಳು. ಬೆರಳಿಗೆ ಬೂದಿ ಸವರಿಕೊಂಡು, ಎಡದಿಂದ ಒಂದೆಳೆ, ಬಲದಿಂದ ಒಂದೆಳೆ ಹಿಡಿದು ಹೊಸೆಯುತ್ತಾರೆ. ಎರಡೂ ಒಂದಾಗುತ್ತವೆ. ಇದಕ್ಕೆ ಇಲ್ಲಿ ಕೆಚ್ಚುವುದು ಅನ್ನುತ್ತಾರೆ. ಹಾಸು ಮುಗಿದಾಗಲೆಲ್ಲ ಸಾವಿರಾರು ಎಳೆಗಳನ್ನು ಹೀಗೆ ಒಂದೊಂದಾಗಿ ಕೆಚ್ಚಬೇಕು. ಅಲ್ಲಿಯವರೆಗೆ ಮಗ್ಗ ಮಿಸುಕುವಂತಿಲ್ಲ.

"ಮೊದಲ್ನೇ ಬಸ್ಸಿಗೇ ಬಂದ್ಬಿಟ್ಯಾ ತಾಯಿ? ಬೆಂಗ್ಳೂರಲ್ಲಿ ನಿಂಗೇನೂ ಕೆಲ್ಸ ಇಲ್ವಾ?" ತಲೆ ಎತ್ತದೆಯೇ ನನ್ನನ್ನು ಕೇಳುತ್ತಾರೆ. ಇದೇ ಕೆಲಸ ಅಂತ ಹೇಳುತ್ತೇನೆ. "ಹಂಗಾದ್ರೆ ಅಲ್ಲಿ ಕೂತ್ಕೊ. ಎಳೆ ತುಳಿದ್ರೆ ಬೈಸ್ಕೋತೀಯ ನೋಡು."

ನಾನು ಎಳೆ ತುಳಿಯದೆ ಮೂಲೆಯಲ್ಲಿ ಕೂರುತ್ತೇನೆ. ಬಂದಿರುವುದೇನೋ ಅವರ ಇನ್ನೊಂದು ಕೆಲಸ ನೋಡಲು. ಆದರೆ ಅದನ್ನು ನೋಡುವ ಮೊದಲು ಇದನ್ನು ನೋಡಬೇಕು, ಯಾಕೆಂದರೆ ಆ ಕೆಲಸದಲ್ಲಿ ಅಶ್ವತ್ಥಮ್ಮ ಮಾಡಿದ ಒಂದು ಘನಂದಾರಿ ತಪ್ಪು ಈ ಎಡ–ಬಲದಿಂದಲೇ ಹುಟ್ಟಿದ್ದು.

ಬೆಳಗಿನ ಕೆಲಸ ಮುಗಿಸಿ ಮನೆಗೆ ಹೋದ ಮೇಲೆ ಅಶ್ವತ್ಥಮ್ಮ ಕಾದಂಬರಿ ಹೊಲಿಯುತ್ತಾರೆ. ಹೌದು, ಕಾದಂಬರಿಯೇ. ಪಕ್ಕದ ಪಂಚಾಯಿತಿ ಗ್ರಂಥಾಲಯದಲ್ಲಿ ಓದಿ ಓದಿ ಬೆನ್ನು ಬಿಟ್ಟ ಪುಸ್ತಕಗಳೆಲ್ಲ ಅವರ ಮಂಚದ ಕೆಳಗೆ ಬಂದು ಬೀಳುತ್ತವೆ. ಕಂತೆ ಕಂತೆಯಾಗಿ ಬಿಡಿಸಿ, ಹಳೆಯ ಅಂಟು ಕೆರೆದು, ಮಗ್ಗದಲ್ಲಿ ಉಳಿದ ನೂಲಿಗೆ ಮೇಣ ಸವರಿ ಹೊಲಿದು, ಹಳೆ ಸೀರೆ ಪೆಟ್ಟಿಗೆಯ ರಟ್ಟು ಹಾಕುತ್ತಾರೆ. ಒಂದು ಪುಸ್ತಕಕ್ಕೆ ಎರಡು ಮಧ್ಯಾಹ್ನ ಬೇಕು.

ಶುರುವಾದದ್ದು ಒಂದು ಮಳೆಯಿಂದ. ಮಳೆಗೆ ಗ್ರಂಥಾಲಯದ ಜಗಲಿಯಲ್ಲಿ ನಿಂತಿದ್ದಾಗ, ರಬ್ಬರ್ ಬ್ಯಾಂಡ್ ಸುತ್ತಿಟ್ಟ ಪುಸ್ತಕವೊಂದು ಅಶ್ವತ್ಥಮ್ಮನ ಕಣ್ಣಿಗೆ ಬಿತ್ತು. "ಥೂ, ಸೊಪ್ಪಿನ ಕಂತೆ ಕಟ್ದಂಗೆ ಕಟ್ಟವ್ರಲ್ಲ ಅಂತ ಬೇಜಾರಾಯ್ತು. ಕೊಡವ್ವ, ನಾನು ಹೊಲ್ಕೊಡ್ತೀನಿ ಅಂದೆ." ಕೊಟ್ಟವರು ಗ್ರಂಥಾಲಯ ನೋಡಿಕೊಳ್ಳುವ ಅಕ್ಷತ. ಕೊಟ್ಟದ್ದು ಒಂದು, ಆಮೇಲೆ ನಿಲ್ಲಲೇ ಇಲ್ಲ.

ಹರಿದು ಬರುವ ಪುಸ್ತಕಗಳಲ್ಲಿ ಹೆಚ್ಚಿನವು ಒಂದೇ ಬಗೆಯವು ಎನ್ನುತ್ತಾರೆ ಅಕ್ಷತ. ಹರೆಯದವರ ಕಥೆಗಳು. ಊರು ಮುಳುಗಿ ಹೊರಟ ಹುಡುಗ, ಅಪ್ಪ ತೀರಿಕೊಂಡು ಚಿಕ್ಕಮ್ಮನ ಮನೆ ಸೇರಿದ ಹುಡುಗಿ, ಹಾಸ್ಟೆಲಿನಲ್ಲಿ ಯಾರಿಗೂ ಬೇಡವಾದವನು. ಇದ್ದ ನೆಲ ಕಾಲಡಿಯಿಂದ ಜಾರಿ, ಇನ್ನೆಲ್ಲೋ ಒಂದಿಷ್ಟು ಜಾಗ ಹುಡುಕುವವರು. ಈಗಿನ ಹುಡುಗರು ಓದುವುದೇ ಇಲ್ಲ ಎಂದು ಸಭೆ ಸಭೆಯಲ್ಲೂ ಕೊರಗುವ ಹಿರಿಯರನ್ನು ಒಮ್ಮೆ ಈ ಮಂಚದ ಕೆಳಗೆ ಬಗ್ಗಿ ನೋಡಿ ಎನ್ನಬೇಕು ಅನ್ನಿಸುತ್ತದೆ ನನಗೆ. ಅಶ್ವತ್ಥಮ್ಮನ ಲೆಕ್ಕವೇ ಬೇರೆ: "ಪರೀಕ್ಷೆ ಪುಸ್ತಕ ಹರಿಯಲ್ಲ ತಾಯಿ. ಅವ್ವಂಗೆ ಕಾಣ್ದಂಗೆ ಓದ್ತಾರಲ್ಲ, ಅದು ಹರಿಯೋದು."

ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟ ಅಶ್ವತ್ಥಮ್ಮ ತುಟಿ ಆಡಿಸುತ್ತ ನಿಧಾನವಾಗಿ ಓದುತ್ತಾರೆ. ಶಿವಗಂಗೆ ಬೆಟ್ಟದ ಮಗ್ಗುಲ ಹಳ್ಳಿಯ ಬೇಸಾಯದ ಮನೆಯವರು. ಮದುವೆಯಾಗಿ ಈ ಊರಿಗೆ ಬಂದಾಗ ಮಗ್ಗದ ಸದ್ದಿಗೆ ನಿದ್ದೆ ಹತ್ತದೆ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಿದ್ದಾರಂತೆ. "ಆರು ತಿಂಗಳು ಬೀದೀಲಿ ಒಬ್ರೂ ನನ್ನ ಮಾತಾಡಿಸ್ಲಿಲ್ಲ. ಮಾತಾಡಿಸಿದ್ರೂ ಆ ಗಲಾಟೇಲಿ ಕೇಳಿಸ್ತಿರ್ಲಿಲ್ಲ ಬಿಡು." ಗಂಡ ಅಪ್ಪಯ್ಯಣ್ಣ ಮಗ್ಗ ಓಡಿಸಿ ಓಡಿಸಿ ಕಿವಿ ಕಳೆದುಕೊಂಡವರು. "ನಮ್ಮನೇಲಿ ಗುಟ್ಟು ಅನ್ನೋದೇ ಇಲ್ಲ. ಎಲ್ಲಾ ಕೂಗಿ ಹೇಳ್ಬೇಕು, ಬೀದಿಗೆಲ್ಲ ಗೊತ್ತಾಗುತ್ತೆ."

ಈಗ ಆ ತಪ್ಪಿನ ವಿಷಯ. ಕಳೆದ ವರ್ಷ ಎರಡು ಕಾದಂಬರಿಗಳು ಒಟ್ಟಿಗೆ ಬಂದವು. ಒಂದೇ ಅಳತೆ, ಒಂದೇ ಥರದ ಕಾಗದ. ಒಂದರಲ್ಲಿ ಸುಗುಣ ಎಂಬ ಹುಡುಗಿ. ಅವಳ ಊರನ್ನೇ ಎಬ್ಬಿಸಿ ದೊಡ್ಡ ರಸ್ತೆ ಬರುತ್ತದೆ. ಇನ್ನೊಂದರಲ್ಲಿ ಪಾರ್ವತಿ; ನೆರೆಯಲ್ಲಿ ಮನೆ ಕಳೆದುಕೊಂಡು ಮಿಲ್ಲಿನ ಊರಿನ ವಠಾರಕ್ಕೆ ಬರುತ್ತಾಳೆ. ಎರಡನ್ನೂ ಎರಡೆರಡು ಕಂತೆಯಾಗಿ ಬಿಡಿಸಿ ಮಂಚದ ಮೇಲೆ ಅಕ್ಕಪಕ್ಕ ಇಟ್ಟುಕೊಂಡು ಕೂತರು. ಮನಸ್ಸು ಬೆಳಗಿನ ಹಾಸಿನ ಮೇಲೇ ಇತ್ತು. ಕೈ ತನ್ನ ಅಭ್ಯಾಸದಂತೆ ಎಡದಿಂದ ಒಂದು ಕಂತೆ, ಬಲದಿಂದ ಒಂದು ಕಂತೆ ಎತ್ತಿಕೊಂಡಿತು. ಸುಗುಣಳ ಮೊದಲರ್ಧಕ್ಕೆ ಪಾರ್ವತಿಯ ಕೊನೆಯರ್ಧ ಸೇರಿತು, ಪಾರ್ವತಿಗೆ ಸುಗುಣಳದು. ಭದ್ರವಾಗಿ ಹೊಲಿದು, ರಟ್ಟು ಹಾಕಿ, ಎರಡನ್ನೂ ಕಳಿಸಿಬಿಟ್ಟರು.

"ಆತುರಗಾರನಿಗೆ ಬುದ್ಧಿ ಮಟ್ಟ ಅಂತಾರಲ್ಲ, ಹಂಗಾಯ್ತು ನನ್ ಬಾಳು," ಎಂದು ಹಣೆ ಚಚ್ಚಿಕೊಳ್ಳುತ್ತಾರೆ.

ಒಂದು ಭಾನುವಾರ ಬೆಳಿಗ್ಗೆ ಬಾಗಿಲಲ್ಲಿ ಒಬ್ಬಳು ಹುಡುಗಿ. ಹೆಸರು ರಂಜಿತ, ಹದಿನೆಂಟರ ಆಸುಪಾಸು. ದೇವನಹಳ್ಳಿ ಕಡೆಯ ಅವಳ ಹಳ್ಳಿ ಲೇಔಟಿಗೆ ಹೋದ ಮೇಲೆ ಮನೆಯವರು ಇಲ್ಲಿ ಬಾಡಿಗೆಗೆ ಬಂದಿದ್ದರು. ಪಿಯುಸಿ ಅರ್ಧಕ್ಕೆ ನಿಂತಿತ್ತು. ಮಗ್ಗದ ಮನೆಯೊಂದರಲ್ಲಿ ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತುತ್ತಿದ್ದಳು, ಯಾರ ಜೊತೆಯೂ ಮಾತಿಲ್ಲ. ಆವತ್ತು ಮಾತ್ರ ಕೈಯಲ್ಲಿ ಪುಸ್ತಕ ಹಿಡಿದು ನೇರ ಕೇಳಿದಳು: "ಇದನ್ನ ಹೊಲಿದೋರು ನೀವೇನಾ? ನಮ್ಮ ಸುಗುಣನ ಎಲ್ಲಿಗೆ ಕಳಿಸ್ಬಿಟ್ರಿ?"

ಆ ಪುಸ್ತಕವನ್ನು ಅವಳು ಎರಡು ಸಲ ಓದಿದ್ದಳು. "ಮೊದಲ್ನೇ ಸಲ ನಂಗೆ ತಪ್ಪು ಅಂತ ಅನಿಸ್ಲೇ ಇಲ್ಲ ಮೇಡಂ," ಎಂದು ರಂಜಿತ ಈಗ ನನಗೆ ಹೇಳುತ್ತಾಳೆ. "ಊರು ಹೋದ್ಮೇಲೆ ಹೆಸರೂ ಬದಲಾಯಿಸ್ಕೊಂಡಿದಾಳೆ, ಪಾರ್ವತಿ ಅಂತ ಇಟ್ಕೊಂಡಿದಾಳೆ ಅಂದ್ಕೊಂಡೆ. ಕೊನೇಲಿ ವಠಾರದವ್ರೆಲ್ಲ ಹಬ್ಬದೂಟಕ್ಕೆ ಕೂತಾಗ ಒಬ್ಬಜ್ಜಿ ಅವಳಿಗೆ ಎಲೆ ಹಾಕಿ, 'ಈ ಜಾಗ ನಿಂದು, ಬಾ' ಅಂತಾಳೆ. ತುಂಬಾ ಅತ್ತೆ. ಎರಡನೇ ಸಲ ಓದುವಾಗ ಪುಟದ ನಂಬರು ಸರಿ ಇಲ್ಲ ಅಂತ ಗೊತ್ತಾಯ್ತು."

ಗೊತ್ತಾದ ಮೇಲೆ ಅವಳಿಗೆ ಸುಗುಣಳ ನಿಜವಾದ ಕೊನೆ ಬೇಕೇ ಬೇಕಾಯಿತು. ಇನ್ನೊಂದು ಪ್ರತಿ ಸೋಂಪುರದ ಕಾರ್ಖಾನೆಗೆ ಹೋಗುವ ಹುಡುಗನೊಬ್ಬನ ಹತ್ತಿರವಿತ್ತು. ಅಕ್ಷತ ಹೇಳಿ ಕಳಿಸಿ ತರಿಸಿದರು. "ತಲೆಬುಡ ಅರ್ಥ ಆಗ್ಲಿಲ್ಲ ಅಕ್ಕ, ಏನೋ ಸಸ್ಪೆನ್ಸ್ ಇರ್ಬೇಕು ಅಂದ್ಕೊಂಡೆ," ಎಂದನಂತೆ ಆ ಪುಣ್ಯಾತ್ಮ. ಅಶ್ವತ್ಥಮ್ಮ ಎರಡರ ಹೊಲಿಗೆಯನ್ನೂ ಬಿಚ್ಚಿದರು. ಆ ಮಂಚದ ಮೇಲೆಯೇ ಕೂತು ರಂಜಿತ ಸುಗುಣಳ ಕೊನೆ ಓದಿದಳು. ಸುಗುಣ ತನ್ನೂರು ನೋಡಲು ವಾಪಸ್ಸು ಹೋಗುತ್ತಾಳೆ. ಊರಿಲ್ಲ. ಉಳಿದಿರುವುದು ಬಸ್ ನಿಲ್ದಾಣವೊಂದೇ. ಅಲ್ಲಿ ಕೂರುತ್ತಾಳೆ. ಕಾದಂಬರಿ ಮುಗಿಯುತ್ತದೆ.

"ನೀವು ತಪ್ಪಾಗಿ ಹೊಲಿದಿದ್ರಲ್ಲ, ಹಂಗೇ ಮತ್ತೆ ಹೊಲಿರಿ," ಎಂದಳು ರಂಜಿತ.

ಆಗುವುದಿಲ್ಲ ಎಂದರು ಅಶ್ವತ್ಥಮ್ಮ. "ಎಳೆ ತಪ್ಪಿ ಕೆಚ್ಚಿದ್ರೆ ಸೀರೆ ಉದ್ದಕ್ಕೂ ಗೆರೆ ಬೀಳುತ್ತೆ ಮಗ. ಬರ್ದೋರು ಹೆಂಗೆ ಬರ್ದವ್ರೋ ಹಂಗೇ ಇರ್ಬೇಕು. ನಾಳೆ ಇನ್ನೊಬ್ಬಳು ಓದೋಕೆ ಬರ್ತಾಳೆ, ಅವಳಿಗೆ ನಾನು ಸುಳ್ಳು ಕೊಡ್ಲಾ?"

"ಹಂಗಾದ್ರೆ ನಂಗೆ ಯಾಕೆ ಕೊಟ್ರಿ?" ಎಂದು ಕೇಳಿ ಹುಡುಗಿ ಎದ್ದು ಹೋದಳು.

ಅಶ್ವತ್ಥಮ್ಮ ಪುಸ್ತಕಗಳನ್ನು ಸರಿಯಾಗಿ ಹೊಲಿದು ಕಳಿಸಿದರು. ವಾರ ಕಳೆಯಿತು. ರಂಜಿತ ಗ್ರಂಥಾಲಯಕ್ಕೂ ಬರುತ್ತಿಲ್ಲ, ಕಂಡಿಕೆ ಸುತ್ತಲೂ ಬರುತ್ತಿಲ್ಲ ಎಂದು ಸುದ್ದಿ ಬಂತು. ಯಾರ ಮನೆಗೂ ಕರೆಯದೆ ಹೋಗದ ಹೆಂಗಸು, ಆ ಬಾಡಿಗೆ ಮನೆ ಹುಡುಕಿಕೊಂಡು ಹೋದರು. ಬಾಗಿಲಲ್ಲೇ ತಾಯಿ ಕಣ್ಣೀರಿಟ್ಟಳು: "ಬೆಳಿಗ್ಗೆ ಎದ್ದು ಹಳೇ ಊರಿನ ಬಸ್ ಹತ್ತುತ್ತಾಳೆ, ಸಾಯಂಕಾಲ ಬರ್ತಾಳೆ. ಅಲ್ಲೇನೈತಕ್ಕ? ಬರೀ ಕಾಂಪೌಂಡು. ಒಂದಿನ ವಾಪಸ್ ಬರ್ದೇ ಹೋದ್ರೆ ನಾನೇನು ಮಾಡ್ಲಿ?"

ಅಶ್ವತ್ಥಮ್ಮ ಮನೆಗೆ ಹೋಗಿ ಅಪ್ಪಯ್ಯಣ್ಣನವರಿಗೆ ಕೂಗಿ ಹೇಳಿ, ಅಂದರೆ ಇಡೀ ಬೀದಿಗೆ ತಿಳಿಸಿ, ದೇವನಹಳ್ಳಿ ಬಸ್ಸು ಹತ್ತಿದರು. ಅಲ್ಲಿಂದ ಇನ್ನೊಂದು ಬಸ್ಸು. ಕಂಡಕ್ಟರನಿಗೆ ಊರಿನ ಹೆಸರು ಹೇಳಿದರೆ ಅವನು, "ಅಜ್ಜಿ, ಈಗ ಅಲ್ಲಿ ಯಾರೂ ಇಳಿಯಲ್ಲ" ಎಂದನಂತೆ. "ನಾನು ಇಳಿತೀನಿ, ನೀನು ನಿಲ್ಸಪ್ಪ" ಎಂದರು ಇವರು.

ರಂಜಿತ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತಿದ್ದಳು. ಹಿಂದೆ ಉದ್ದದ ಗೋಡೆ, ಗೋಡೆಯಾಚೆ ಗುರುತು ಹಾಕಿದ ಸೈಟುಗಳು.

ಏನು ಹೇಳಿದಿರಿ ಎಂದು ನಾನು ಅಶ್ವತ್ಥಮ್ಮನನ್ನು ಕೇಳುತ್ತೇನೆ. ಏನೋ ದೊಡ್ಡ ಮಾತು ಬರುತ್ತದೆಂದು ಪೆನ್ನು ಹಿಡಿದು ಕಾಯುತ್ತೇನೆ. "ಏನ್ ಹೇಳ್ಲಿ? ಪಕ್ಕದಲ್ಲಿ ಕೂತೆ. ನಿಮ್ಮನೆ ಯಾವ ಕಡೆ ಇತ್ತು ಅಂದೆ, ತೋರಿಸಿದ್ಲು. ಹುಣಸೇಮರ ಎಲ್ಲಿತ್ತು, ಬಾವಿ ಎಲ್ಲಿತ್ತು, ಎಲ್ಲಾ ತೋರಿಸಿದ್ಲು. ಎರಡು ಬಸ್ಸು ಹೋಗೋಗಂಟ ಕೇಳ್ದೆ. ಆಮೇಲೆ, ನಾಳೆ ಹೊಸ ಹಾಸು ಬರುತ್ತೆ, ನನ್ ಕಣ್ಣು ಮೊದಲಿನಂಗಿಲ್ಲ, ಇನ್ನೊಂದು ಕೈ ಬೇಕು, ಏಳು ಅಂದೆ. ಎದ್ದಳು."

ಈಗ ರಂಜಿತ ಬೆಳಗಿನ ಜಾವ ಅಶ್ವತ್ಥಮ್ಮನ ಎದುರಿಗೆ ಕೂತು ಕೆಚ್ಚುತ್ತಾಳೆ. ನಿಂತಿದ್ದ ಪಿಯುಸಿ ಪರೀಕ್ಷೆಗೆ ಮತ್ತೆ ಕಟ್ಟಿದ್ದಾಳೆ. ಮಧ್ಯಾಹ್ನ ಪುಸ್ತಕ ಹೊಲಿಯುವಾಗ ಪುಟದ ನಂಬರು ನೋಡುವ ಕೆಲಸ ಅವಳದೇ. ಹಳೆಯ ಊರಿನ ನೆನಪು ಹೋಗಿಲ್ಲ, ಹೋಗಲಿ ಎಂದು ಯಾರೂ ಹೇಳಿಯೂ ಇಲ್ಲ. ಕೆಲವು ಭಾನುವಾರ ಇಬ್ಬರೂ ಬುತ್ತಿ ಕಟ್ಟಿಕೊಂಡು ಆ ನಿಲ್ದಾಣಕ್ಕೆ ಹೋಗಿ ಬರುತ್ತಾರೆ.

ಸುಗುಣಳ ಕೊನೆಯನ್ನು ಮತ್ತೆ ಓದಿದೆಯಾ ಎಂದು ಕೇಳಿದರೆ ರಂಜಿತ ತಲೆಯಾಡಿಸುತ್ತಾಳೆ. "ಓದಿದೀನಿ ಮೇಡಂ. ಅದೇ ಸರಿ ಅನ್ಸುತ್ತೆ, ಹಂಗೇ ಆಗೋದು. ಆದ್ರೆ ಅವಳನ್ನ ಹುಡುಕ್ಕೊಂಡು ಯಾರೂ ಬರಲ್ಲ. ನನ್ನ ಹುಡುಕ್ಕೊಂಡು ಬಂದ್ರು."

ಮಧ್ಯಾಹ್ನ, ಮನೆಯ ಮಂಚದ ಮೇಲೆ ಅಶ್ವತ್ಥಮ್ಮ ಸೂಜಿಗೆ ನೂಲು ಏರಿಸಲು ಪರದಾಡುತ್ತಿದ್ದಾರೆ. ಕೇಳಿಸದವರ ಹಾಗೆ ಇದ್ದವರು, ನಾನು ಹೊರಡಲು ಎದ್ದಾಗ ಕೈ ಹಿಡಿದು ಕೂರಿಸುತ್ತಾರೆ.

"ನೀನು ಪೇಪರ್‌ನೋಳು, ಬರೆಯೋರೆಲ್ಲ ನಿಂಗೆ ಗೊತ್ತಿರ್ತಾರೆ. ಆ ಸುಗುಣನ ಕಥೆ ಬರ್ದೋರು ಸಿಕ್ಕಿದ್ರೆ ಒಂದು ಮಾತು ಹೇಳು ತಾಯಿ. ಆ ಹುಡುಗಿ ಇನ್ನೂ ಅಲ್ಲೇ ಕೂತವ್ಳೆ. ಒಂದೇ ಒಂದು ಹಾಳೆ ಜಾಸ್ತಿ ಬರ್ಕೊಡ್ಲಿ. ಹೊಲಿಯೋಕೆ ನಾನಿದೀನಿ."