ಅರ್ಧ ಗೇಣು ಕಡಿಮೆ

ನನ್ನ ಭಾವನ ನಿಜವಾದ ಹೆಸರು ನನ್ನಕ್ಕನಿಗೆ ಬಿಟ್ಟರೆ ಇನ್ಯಾರಿಗೂ ನೆನಪಿರಲಾರದು. ಎಲ್ಲರ ಬಾಯಲ್ಲೂ ಅವರು ಗೇಣಪ್ಪ. ರಸ್ತೆ ತಿರುವಿನಲ್ಲಿ ಸೌದೆ ಡಿಪೋ ಇಟ್ಟುಕೊಂಡಿದ್ದಾರೆ. ಗಿರಾಕಿ ಬಂದರೆ ಮೊದಲು ಬೆಲೆ ಹೇಳುವುದಿಲ್ಲ. ಹೆಬ್ಬೆರಳು, ಕಿರುಬೆರಳು ಅಗಲಿಸಿ ಗಾಳಿಯಲ್ಲೇ ಗೇಣು ಹಾಕುತ್ತಾ, "ನಿಮ್ಮ ಒಲೆ ಬಾಯಿ ಎಷ್ಟು ಆಳ ಇದೆ?" ಎಂದು ಕೇಳುತ್ತಾರೆ. ಬೇಕರಿಯ ಗೂಡಿಗೆ ಎರಡು ಮೊಳದ ಕೊರಡು, ಹೋಟೆಲಿನವನಿಗೆ ಒಂದು ಮೊಳ, ಅಂದರೆ ಎರಡು ಗೇಣು, ಒಂಟಿಯಾಗಿರುವ ಮುದುಕಿಯ ಪುಟ್ಟ ಒಲೆಗೆ ಬರೀ ಒಂದು ಗೇಣು. ಯಾರಿಗೆ ಎಷ್ಟು ಎಂಬುದು ಅವರಿಗೆ ಬಾಯಿಪಾಠ.

"ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರಲ್ಲ, ಒಲೆ ಇದ್ದಷ್ಟು ಸೌದೆ ಚಾಚು," ಎನ್ನುತ್ತಿದ್ದರು ನನ್ನ ಹತ್ತಿರ. ನಾದಿನಿ ಅಂದ ಮೇಲೆ ಸುಮ್ಮನಿರುವುದುಂಟೆ? "ನಾಲಿಗೆನೂ ಇದ್ದಷ್ಟೇ ಚಾಚಿ ಭಾವ," ಅಂತ ನಾನೂ ಕೊಡುತ್ತಿದ್ದೆ. ನಗುತ್ತಿದ್ದರು. ಒಳ್ಳೆಯ ಮನುಷ್ಯ, ಆದರೆ ಪುಕ್ಕಲ. ಈ ಎರಡೂ ಒಂದೇ ಮೈಯಲ್ಲಿದ್ದರೆ ಮನೆಯವರಿಗೆ ಎಷ್ಟು ಕಷ್ಟ ಎಂಬುದು ಆಮೇಲೆ ಗೊತ್ತಾಯಿತು.

ಅಕ್ಕ ಅವರಿಗೆ ಎರಡನೆಯ ಹೆಂಡತಿ. ಮೊದಲಿನವಳು ಜ್ವರ ಬಂದು ಹೋದಳು ಎಂದು ಸಂಬಂಧ ಕೇಳಲು ಬಂದಾಗ ಹೇಳಿದ್ದರು. ನಾವೂ ಕೆದಕಲಿಲ್ಲ. ಮದುವೆಯಾಗಿ ಹೋದ ಅಕ್ಕನಿಗೆ ಆ ಮನೆಯಲ್ಲಿ ಒಂದೇ ಒಂದು ತಕರಾರು, ಅದೂ ಸೌದೆಯದು. ಊರಿಗೆಲ್ಲ ಅಳತೆ ಕೇಳಿ ಕಡಿಯುವ ಗಂಡ, ಹೆಂಡತಿಯನ್ನು ಒಂದು ಮಾತೂ ಕೇಳದೆ ಒಂದೂವರೆ ಗೇಣಿನ ತುಂಡು ತಂದು ಒಟ್ಟುತ್ತಿದ್ದರು. ನಮ್ಮ ತವರಿನಲ್ಲಿ ಒಲೆಗೆ ಮೊಳದ ಸೌದೆ. ಒಂದು ತುದಿ ಒಳಗಿಟ್ಟರೆ ಸಾಕು, ಉರಿದ ಹಾಗೆ ಆಗಾಗ ಮುಂದಕ್ಕೆ ನೂಕುತ್ತಾ ಬೇರೆ ಕೆಲಸ ಮಾಡಿಕೊಳ್ಳಬಹುದು. ಗಿಡ್ಡ ತುಂಡಾದರೆ ಒಲೆ ಮುಂದೆಯೇ ಕೂತಿರಬೇಕು.

"ಇದು ಅವಳ ಅಳತೆ," ಎಂದಳು ಅಕ್ಕ ನನ್ನ ಹತ್ತಿರ. "ಅವಳು ಹೋದ್ರೂ ಅವಳ ಸೌದೆ ಹೋಗಿಲ್ಲ. ನನ್ನ ಅಳತೆಗೆ ಒಂದು ಕಡ್ಡಿ ಕಡಿಯೋಕೂ ಇವರಿಗೆ ಮನಸ್ಸಿಲ್ಲ ಅಂದ್ಮೇಲೆ ನಾನ್ಯಾಕೆ ಈ ಮನೇಲಿರ್ಲಿ?"

ಅತ್ತು ಕರೆದು ಕೇಳಿದ ಮೇಲೆ ಭಾವ ಸೋತರು. ಅಕ್ಕನ ಎದುರಿಗೇ ಮೊಳದುದ್ದಕ್ಕೆ ಗರಗಸ ಹಾಕಿ, ಸೀಳಿ, ಅಡುಗೆಮನೆಯ ಹಿಂದಿನ ಮಾಡಿನ ಕೆಳಗೆ ಒಟ್ಟಿದರು. ಬೆಳಿಗ್ಗೆ ಅಕ್ಕ ಒಂದು ತುಂಡು ಎಳೆದಳು. ಒಂದೂವರೆ ಗೇಣು. ಇನ್ನೊಂದು ಎಳೆದಳು, ಅದೂ ಅಷ್ಟೇ. ಇಡೀ ರಾಶಿ ಅರ್ಧ ಗೇಣು ಗಿಡ್ಡವಾಗಿತ್ತು. ಕೆಳಗೆ ಮರದ ಪುಡಿ ಇಲ್ಲ, ಸಿಬಿರಿಲ್ಲ. ಕಡಿದುಳಿದ ತುಣುಕುಗಳೂ ಎಲ್ಲೂ ಇಲ್ಲ. ಮತ್ತೆ ಕಡಿಸಿದಳು, ಮತ್ತೆ ಹಾಗೇ ಆಯಿತು. ಡಿಪೋದಲ್ಲಿ ಮಾರಲು ಇಟ್ಟ ಸೌದೆಗೆ ಏನೂ ಆಗುತ್ತಿರಲಿಲ್ಲ. ಮನೆಯದಕ್ಕೆ ಮಾತ್ರ ಈ ಗತಿ.

ಭಾವನನ್ನು ಕೇಳಿದರೆ, "ನೀನು ಹೇಳಿದಷ್ಟೇ ಕಡಿದೆ," ಎಂದು ನೆಲ ನೋಡುತ್ತಿದ್ದರಂತೆ. ನಸುಕಿನಲ್ಲೆದ್ದು ಇವರೇ ಕೊಯ್ದು ಗಿಡ್ಡ ಮಾಡುತ್ತಿದ್ದಾರೆ, ಸತ್ತವಳ ಮೇಲಿನ ಆಸೆ ಇನ್ನೂ ಹೋಗಿಲ್ಲ ಎಂದು ಅಕ್ಕ ತೀರ್ಮಾನಿಸಿದಳು. ಬಟ್ಟೆ ಗಂಟು ಕಟ್ಟಿ, ಕರೆದುಕೊಂಡು ಹೋಗಲು ಬಾ ಎಂದು ನನಗೆ ಹೇಳಿಕಳಿಸಿದಳು.

ನಾನು ಬಟ್ಟೆ ಹೊಲಿಯುವವಳು. ಗೇಣು, ಮೊಳ ನಂಬುವವಳಲ್ಲ, ಟೇಪು ನಂಬುವವಳು. ಕಳ್ಳತನ ಹಿಡಿದು, ಭಾವನ ಮುಖಕ್ಕೆ ನಾಲ್ಕು ಮಾತು ಬಿಗಿದು, ಆಮೇಲೆ ಅಕ್ಕನನ್ನು ಕರೆದುಕೊಂಡು ಹೋಗುವುದೆಂದು ಬಂದೆ. ಸಂಜೆ ಹೊಸದಾಗಿ ಮೊಳದ ಸೌದೆ ಕಡಿಸಿ, ಒಂದೊಂದನ್ನೂ ಟೇಪಿನಲ್ಲಿ ಅಳೆದೆ. ಬಟ್ಟೆಗೆ ಗುರುತು ಹಾಕುವ ನೀಲಿ ಸೀಮೆಸುಣ್ಣದಿಂದ ಪ್ರತಿ ತುಂಡಿನ ಎರಡೂ ತುದಿಗಳ ಮುಖಕ್ಕೆ ಅಡ್ಡಗೆರೆ ಎಳೆದೆ. ಯಾವ ತುದಿ ಕೊಯ್ದರೂ ಗೆರೆ ಹೋಗಲೇಬೇಕು. ಭಾವ ನಾನು ಮಾಡುವುದನ್ನೆಲ್ಲ ನೋಡುತ್ತಿದ್ದರು, ತಡೆಯಲಿಲ್ಲ. ರಾತ್ರಿ ಹಿಂಬಾಗಿಲಿಗೆ ಅಡ್ಡ ನಾನೇ ಮಲಗಿದೆ.

ಬೆಳಕಾದ ಮೇಲೆ ಹೋಗಿ ನೋಡಿದೆ. ಗೆರೆಗಳೆಲ್ಲ ಇದ್ದವು. ಈ ತುದಿಯಲ್ಲೂ ಇತ್ತು, ಆ ತುದಿಯಲ್ಲೂ ಇತ್ತು, ಒಂಚೂರೂ ಅಳಿಸಿರಲಿಲ್ಲ. ಟೇಪು ಹಿಡಿದೆ. ಅರ್ಧ ಗೇಣು ಕಡಿಮೆ. ಟೇಪೇ ತಪ್ಪೇನೋ ಎಂದು, ನನಗೆ ಬಾಯಿಪಾಠವಿರುವ ನನ್ನ ತೋಳಿನ ಅಳತೆ ತೆಗೆದು ನೋಡಿದೆ, ಟೇಪು ಸರಿಯಾಗಿತ್ತು. ಒಂದು ತುಂಡನ್ನು ಬೆಳಕಿಗೆ ಹಿಡಿದರೆ, ಮಧ್ಯದಲ್ಲಿ ಮರದ ಗೀರುಗಳು ಒಂದರ ಹತ್ತಿರ ಒಂದು ಒತ್ತಿಕೊಂಡಿದ್ದವು, ಯಾರೋ ಎರಡೂ ತುದಿ ಹಿಡಿದು ನಿಧಾನವಾಗಿ ಒಳಕ್ಕೆ ಒತ್ತಿದ ಹಾಗೆ. ತುಂಡು ಬೆಚ್ಚಗಿತ್ತು. ಕೆಳಗೆ ಹಾಕಿಬಿಟ್ಟೆ.

ನನಗೆ ಭಯವಾದರೆ ಕೋಪ ಬರುತ್ತದೆ, ಅದು ನನ್ನ ಹುಟ್ಟುಗುಣ. ಸೀದಾ ಡಿಪೋಗೆ ಹೋಗಿ, ಹೋಟೆಲಿನವನಿಗೆಂದು ಇಟ್ಟಿದ್ದ ರಾಶಿಯಿಂದ ಒಂದು ಮೊಳದ ತುಂಡು ಎಳೆದು ತಂದೆ. ಅಕ್ಕ ಅಡುಗೆಮನೆಯಲ್ಲಿ ಒಲೆ ಹೊತ್ತಿಸಿ ನೀರಿಟ್ಟಿದ್ದಳು. "ಆ ಸತ್ತವಳ ಆಟ ನೋಡೇಬಿಡೋಣ," ಎಂದು ಅದನ್ನು ಉರಿಗೆ ನೂಕಿದೆ. ಅರ್ಧ ಒಳಗೆ, ಅರ್ಧ ಹೊರಗೆ. ಅಕ್ಕ ಒಲೆಗೆ ಬೆನ್ನು ಮಾಡಿ ಪಾತ್ರೆ ಹುಡುಕುತ್ತಿದ್ದಳು. ಸೆರಗು ನೆಲಕ್ಕೆ ತಾಗುತ್ತಿತ್ತು.

"ತೆಗಿ ಅದನ್ನ!"

ಭಾವ ಬಾಗಿಲಲ್ಲಿದ್ದರು. ಅವರು ಅಷ್ಟು ಜೋರಾಗಿ ಕೂಗಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

"ಯಾಕೆ ತೆಗೀಬೇಕು ಭಾವ? ಸತ್ತವಳಿಗೆ ಬೇಜಾರಾಗತ್ತಾ?"

"ಅವಳು ಜ್ವರ ಬಂದು ಸಾಯ್ಲಿಲ್ಲ," ಎಂದರು ಭಾವ. ಬಾಗಿಲ ಚೌಕಟ್ಟು ಹಿಡಿದುಕೊಂಡೇ ಕುಸಿದು ಕೂತರು. "ಒಲೆ ಚಿಕ್ಕದು, ಗಿಡ್ಡ ಕಡ್ಕೊಡಿ, ಒಂದೂವರೆ ಗೇಣು ಸಾಕು ಅಂತ ದಿನಾ ಕೇಳ್ತಿದ್ಲು. ಗಿಡ್ಡ ಮಾಡೋದಂದ್ರೆ ಗರಗಸ ಇನ್ನೊಂದ್ಸಲ ಎಳೀಬೇಕು. ಮನೆದು ತಾನೆ, ನಾಳೆ ಮಾಡಿದ್ರಾಯ್ತು ಅಂತ ಹೋಟೆಲಿಗೆ ಕಡಿದ ಉದ್ದದ್ದನ್ನೇ ತಂದು ಹಾಕ್ತಿದ್ದೆ. ಹೊರಗಿದ್ದ ತುದಿ ಭಾರಕ್ಕೆ ಕೊಳ್ಳಿ ಉರುಳಿ ಬಿತ್ತು. ಅವಳು ಅತ್ತ ತಿರುಗಿದ್ಲು, ಸೆರಗು ಹತ್ಕೊಳ್ತು. ನಾನು ಆಚೆ ಗರಗಸ ಎಳೀತಿದ್ದೆ. ಆ ಸದ್ದಿಗೆ ಅವಳು ಕೂಗಿದ್ದು ಕೇಳಿಸ್ಲಿಲ್ಲ."

ಅಕ್ಕ ಅಲ್ಲಾಡಲಿಲ್ಲ. "ಮತ್ತೆ ನಾನು ಕೇಳ್ದಾಗ ಯಾಕ್ರೀ ಉದ್ದ ಕಡಿದ್ರಿ? ಗೊತ್ತಿದ್ದೂ?"

"ಕಡಿಯಲ್ಲ ಅಂದ್ರೆ ಕಾರಣ ಹೇಳ್ಬೇಕಿತ್ತು. ಹೇಳಿದ್ರೆ ನೀನು ಹೋಗ್ಬಿಡ್ತೀಯ ಅಂತ..." ಭಾವ ಮುಖ ಒರೆಸಿಕೊಂಡರು. "ಮಾರನೇ ಬೆಳಿಗ್ಗೆ ನೋಡ್ದೆ, ಎಲ್ಲಾ ಗಿಡ್ಡ ಆಗಿತ್ತು. ಯಾರು ಅಂತ ಗೊತ್ತಾಯ್ತು. ಹೆದರ್ಕೊಂಡೆ. ಆದ್ರೂ ಸದ್ಯ ಅನ್ನಿಸ್ತು. ಅದಕ್ಕೇ ಬಾಯಿ ಮುಚ್ಕೊಂಡಿದ್ದೆ."

ನನಗೆ ಮೈಯೆಲ್ಲ ಉರಿಯಿತು. ಹೆಂಡತಿಯ ಜೀವ ಕಾಯುವ ಕೆಲಸವನ್ನು ಸತ್ತವಳಿಗೆ ವಹಿಸಿ ಇವರು ಸುಮ್ಮನೆ ಕೂತಿದ್ದರು! ಬೈಯಲು ಬಾಯಿ ತೆರೆದೆ. ಅಷ್ಟರಲ್ಲಿ ಅಕ್ಕ ನನ್ನ ಕೈ ಹಿಡಿದಳು. ಅವಳು ಒಲೆಯನ್ನೇ ನೋಡುತ್ತಿದ್ದಳು.

ನಾನು ನೂಕಿದ್ದ ತುಂಡು ಹೊರಗೆ ಚಾಚಿಕೊಂಡಿರಲಿಲ್ಲ. ಉರಿದು ಸವೆಯುವಷ್ಟು ಹೊತ್ತೂ ಆಗಿರಲಿಲ್ಲ, ಯಾರೂ ಮುಟ್ಟಿರಲೂ ಇಲ್ಲ. ಇಡೀ ತುಂಡು ಒಲೆಯ ಒಳಗಿತ್ತು, ತುದಿ ಸರಿಯಾಗಿ ಒಲೆಬಾಯಿಯ ಅಂಚಿಗೆ ಬಂದು ನಿಂತಿತ್ತು. ಕೆಂಡವೊಂದೂ ಹೊರಗೆ ಬಿದ್ದಿರಲಿಲ್ಲ. ಒಲೆಯ ಮುಂದಿನ ನೆಲದ ಬೂದಿಯಲ್ಲಿ, ಕೂತವರು ಎದ್ದು ಹೋದಾಗ ಉಳಿಯುವಂಥ ಗುರುತಿತ್ತು. ನಾವು ಮೂವರಲ್ಲಿ ಯಾರೂ ಅಲ್ಲಿ ಕೂತಿರಲಿಲ್ಲ.

ಅಕ್ಕ ಇಷ್ಟು ದಿನ ಸತ್ತವಳನ್ನು 'ಅವಳು', 'ಆ ಹೆಂಗಸು' ಎಂದೇ ಕರೆದಿದ್ದಳು. ಈಗ ಒಲೆಯ ಹತ್ತಿರ ಕುಕ್ಕರುಗಾಲಿನಲ್ಲಿ ಕೂತು, ನಾನು ತನ್ನನ್ನು ಕರೆಯುವ ಹಾಗೆಯೇ, "ಅಕ್ಕಾ," ಎಂದಳು. ನೀರು ಕುದಿಯುತ್ತಿತ್ತು. ನನಗೆ ಅಳು ಬಂತು, ಯಾರಿಗಾಗಿ ಎಂದು ಕೇಳಿದರೆ ಹೇಳಲಾರೆ.

"ಹೊರಡೋಣ ಬಾ," ಎಂದೆ. ಗಂಟು ಬಾಗಿಲ ಹತ್ತಿರವೇ ಇತ್ತು.

ಅಕ್ಕ ಎದ್ದಳು, ಸೆರಗು ಎತ್ತಿ ಸೊಂಟಕ್ಕೆ ಸಿಕ್ಕಿಸಿದಳು. ಗಂಟಿನತ್ತ ಹೋಗಲಿಲ್ಲ. ಗಂಡನ ಎದುರು ಹೋಗಿ ನಿಂತಳು.

"ನನ್ನ ಮೇಲೆ ಆಣೆ ಗೀಣೆ ಏನೂ ಬೇಡ," ಎಂದಳು. "ಎದ್ದು ಗರಗಸ ತಗೊಳ್ಳಿ. ಒಂದೂವರೆ ಗೇಣಿಗೆ ಕೊಯ್ದು ಹಾಕಿ, ನಿಮ್ಮ ಕೈಯಾರೆ. ಸತ್ತ ಮೇಲೂ ಅವಳ ಕೈಲಿ ಸೌದೆ ಕಡಿಸ್ಬೇಡಿ."