ಅಪ್ಪ ಇಟ್ಟ ಹೆಸರಿನ ಲಾಗಿನ್

ನನ್ನ ಹೆಸರೂ ಅತ್ತೆಯ ಹೆಸರೂ ಒಂದೇ ಆಗಿತ್ತು. "ಸೊಸಿನ್ನ ಬೈಬೇಕಂದ್ರ ನನ್ನ ಹೆಸರ ಹಿಡದು ನನಗ ನಾನ ಬೈಕೊಬೇಕೇನು?" ಎಂದು ಅತ್ತೆ ಮೊದಲೇ ತಕರಾರು ತೆಗೆದರು. ಬೈಯುವುದು ಆಗಲೇ ನಿಶ್ಚಯವಾಗಿತ್ತು, ಯಾವ ಹೆಸರಿನಿಂದ ಎಂಬುದಷ್ಟೇ ಬಾಕಿ. ಮದುವೆಯ ದಿನ ತಟ್ಟೆಯ ಅಕ್ಕಿಯಲ್ಲಿ ಗಂಡನ ಕೈಯಿಂದ ಹೊಸ ಹೆಸರು ಬರೆಸಿದರು. ಅಪ್ಪ ತನ್ನ ತಾಯಿಯದೆಂದು ಅಕ್ಕರೆಯಿಂದ ಇಟ್ಟಿದ್ದ ಹೆಸರು ತವರೂರು ಅಗಡಿಯಲ್ಲೇ ಉಳಿಯಿತು.

ಆಗ ಬ್ಯಾಡಗಿಯ ಒಂದು ಕೋಲ್ಡ್ ಸ್ಟೋರೇಜಿನ ಆಫೀಸಿನಲ್ಲಿ ನನಗೆ ಕೆಲಸ. ಊರಿಗೆಲ್ಲ ಆಗಷ್ಟೇ ಮೊಬೈಲು ಬರುತ್ತಿದ್ದ ಕಾಲ. ಮೆಣಸಿನಕಾಯಿ ಚೀಲ ಒಳಗೆ ಬಂದದ್ದು, ಹೊರಗೆ ಹೋದದ್ದು ಎಲ್ಲ ಕಂಪ್ಯೂಟರಿನಲ್ಲೇ ಇರಲೆಂದು ಮಾಲಕರು ಹುಬ್ಬಳ್ಳಿಯಿಂದ ಸಾಫ್ಟ್‌ವೇರ್ ತರಿಸಿದ್ದರು. ಅದನ್ನು ಹಾಕಲು ಬಂದವರ ಪಕ್ಕದಲ್ಲಿ ಕಾಯಿಯ ಘಾಟಿಗೆ ಸೀನುತ್ತ ಕೂತು ಕಲಿತವಳು ನಾನೊಬ್ಬಳೇ. ಯಾರಿಗೆ ಯಾವ ಲಾಗಿನ್, ಯಾರು ಬರೇ ನೋಡಬಹುದು, ಯಾರು ತಿದ್ದಬಹುದು, ಮಾಲು ಬಿಡಲು ಯಾರು ಒಪ್ಪಿಗೆ ಕೊಡಬಹುದು, ಎಲ್ಲ ನಾನೇ ಹಂಚಿದ್ದೆ. ಗೇಟ್ ಪಾಸಿನ ಕೆಳಗೆ ನನ್ನ ಹೆಸರು ಅಚ್ಚಾಗಿ ಬರುತ್ತಿತ್ತು, ಅದಿಲ್ಲದೆ ಹಮಾಲರು ಚೀಲ ಮುಟ್ಟುತ್ತಿರಲಿಲ್ಲ. ಜಂಬ ಇತ್ತು, ಯಾಕೆ ಸುಳ್ಳು ಹೇಳಲಿ.

ಮದುವೆಗೆಂದು ರಜೆ ಹಾಕಿದಾಗ ಮಾಲಕರ ತಮ್ಮನ ಮಗ ನನ್ನ ಜಾಗಕ್ಕೆ ಬಂದ. ಮಾಲಕರು ಹೇಳಿದರೆಂದು ಅವನಿಗೆ ನನ್ನ ಪಾಸ್‌ವರ್ಡ್ ಕೊಟ್ಟು ಹೋದೆ. ಮೊದಲು ತವರಿನಿಂದ, ಹಾವೇರಿ ಕಡೆಯಿಂದ ಬರುತ್ತಿದ್ದವಳು ರಜೆ ಮುಗಿಸಿ ಈಗ ಗಂಡನ ಊರು ರಾಣೇಬೆನ್ನೂರಿನ ಬಸ್ಸಿನಿಂದ ಇಳಿದೆ. ಕುರ್ಚಿಯಲ್ಲಿ ಅವನೇ ಇದ್ದ.

"ಹೊಸಾ ಹೆಸರ ಮ್ಯಾಲೆ ನಿಮಗ ಬ್ಯಾರೆ ಲಾಗಿನ್ ಮಾಡೇನ್ರಿ ಅಕ್ಕಾರ," ಎಂದ. ತೆರೆದೆ. ಬರೇ ನೋಡುವ ಹಕ್ಕು. ಒಂದು ಚೀಲದ ಲೆಕ್ಕ ತಿದ್ದಲೂ ಬರುತ್ತಿರಲಿಲ್ಲ.

ಮಾಲಕರ ಹತ್ತಿರ ಹೋದೆ. "ಹೆಸರ ಬದಲಾಗೇತ್ರಿ, ನಾ ಏನ್ ಬದಲಾಗಿಲ್ಲಲ್ರಿ. ಹಳೇ ಹಕ್ಕೆಲ್ಲಾ ಇದಕ್ಕ ಕೊಡಸ್ರಿ."

"ಆ ಹೆಸರಿನ ಕತಿ ಮುಗೀತವಾ. ಮದಿವಿ ಆದಾಕಿ, ಇವತ್ತ ಇರ್ತಿ, ನಾಳೆ ಬಿಡ್ತಿ. ಸದ್ಯಕ್ಕ ಹಿಂಗ ಇರಲಿ," ಎಂದರು.

ಅವರ ಆ 'ಸದ್ಯಕ್ಕ' ಮುಗಿಯಲೇ ಇಲ್ಲ. ಹೊಸ ಕಾಯಿ ಬಂತು, ಅಂಗಳ ಕೆಂಪಾಯಿತು, ನಾನು ನೋಡುತ್ತಲೇ ಕೂತೆ. ಆ ಹುಡುಗ ತನ್ನ ಹೆಸರಿನಲ್ಲಿ ಲಾಗಿನ್ ಮಾಡಿಕೊಳ್ಳುವ ಗೋಜಿಗೇ ಹೋಗಲಿಲ್ಲ, ನನ್ನ ಹಳೆಯದರಲ್ಲೇ ಆರಾಮಾಗಿದ್ದ. ಬೆಳಿಗ್ಗೆ ಕಂಪ್ಯೂಟರು ಅಪ್ಪ ಇಟ್ಟ ಹೆಸರಿಗೆ ಸ್ವಾಗತ ಹೇಳುತ್ತಿತ್ತು, ಅದರೆದುರು ಅವನು ಚಹಾ ಕುಡಿಯುತ್ತಿದ್ದ. ಮೈ ಉರಿಯುತ್ತಿತ್ತು.

ಒಂದು ದಿನ ಒಬ್ಬ ವ್ಯಾಪಾರಿಯ ಡಬ್ಬಿ ತಳಿಯ ಮೆಣಸಿನಕಾಯಿ ಇನ್ನೊಬ್ಬರ ಲಾರಿ ಹತ್ತಿ ಹೋಯಿತು. ಮಾಲು ಕಳೆದುಕೊಂಡವನು ಆಫೀಸಿಗೆ ಬಂದು ಬಾಯಿಗೆ ಬಂದಂತೆ ಬೈದ. ಮಾಲಕರು ಗೇಟ್ ಪಾಸ್ ತಂದು ನನ್ನ ಮುಖಕ್ಕೆ ಹಿಡಿದರು. "ಇದು ನಿನ್ನ ಹೆಸರ ಅಲ್ಲೇನು?"

"ಆ ಹೆಸರಿನ ಕತಿ ಮುಗೀತಂತ ನೀವ ಅಂದಿದ್ರೆಲ್ರಿ."

"ಹೆಸರ ಬದಲಾದ್ರ ಮನಿಷಾ ಬದಲಾಗ್ತಾನೇನು?"

ನನ್ನದೇ ಮಾತು. ಹಕ್ಕು ಕೇಳಿದಾಗ ಅವರ ಕಿವಿಗೆ ಬೀಳದ್ದು, ತಪ್ಪು ಹೊರಿಸುವಾಗ ಬಾಯಿಪಾಠವಾಗಿ ಬಂತು. ತಮ್ಮನ ಮಗ ತಲೆ ತಗ್ಗಿಸಿ ಕೀಬೋರ್ಡಿನ ಧೂಳು ಒರೆಸುತ್ತಿದ್ದ.

"ಹಂಗಾರ ಆ ಲಾಗಿನ್ ಈಗಿಂದೀಗ ಬಂದ್ ಮಾಡ್ರಿ," ಎಂದೆ.

"ಬಂದ್ ಮಾಡಿದ್ರ ಮಾಲ ಹೆಂಗ ಬಿಡೂದ್ರಿ ಅಕ್ಕಾರ? ಹಕ್ಕೆಲ್ಲಾ ಅದರಾಗ ಅದಾವು," ಎಂದ ಅವನು, ಖರೇನೇ ಚಿಂತೆಯಿಂದ.

ಅವತ್ತೇ ಕೆಲಸ ಬಿಟ್ಟೆ. ನಾಳೆ ಬಿಡುತ್ತಾಳೆ ಎಂದಿದ್ದ ಮಾಲಕರು ಗೆದ್ದಂತಾಯಿತು. ಬಿಟ್ಟದ್ದನ್ನು ತವರಿಗೆ ತಿಳಿಸಿದೆ, ಕಾರಣ ಹೇಳಲಿಲ್ಲ.

ಮುಂದಿನ ವರ್ಷ ಅಪ್ಪ ರಾಣೇಬೆನ್ನೂರಿಗೆ ನನ್ನನ್ನು ನೋಡಲು ಬಂದ. ತನ್ನ ಹೊಲದ ಕಾಯಿಯನ್ನು ಬ್ಯಾಡಗಿಯ ಅದೇ ಕೋಲ್ಡ್ ಸ್ಟೋರೇಜಿನಲ್ಲಿ ಇಟ್ಟಿದ್ದನಂತೆ, ಬಿಡಿಸಿಕೊಂಡು ಮಾರಿ ಬಂದಿದ್ದ. ಪಡಸಾಲೆಯಲ್ಲಿ ಕೂತು, ಜೇಬಿನಿಂದ ಗೇಟ್ ಪಾಸ್ ತೆಗೆದು ತೊಡೆಯ ಮೇಲೆ ನೀಟಾಗಿ ಬಿಡಿಸಿ, ಕೆಳಗಿನ ಅಕ್ಷರದ ಮೇಲೆ ಬೆರಳಿಟ್ಟ.

"ನೀ ಬಿಟ್ಟ ಬಂದ್ರೂ ನಿನ್ನ ಹೆಸರ ತಗದಿಲ್ಲ ನೋಡವಾ. ಎಷ್ಟ ಮರ್ಯಾದಿ ಕೊಟ್ಟಾರ! ಈ ಮನ್ಯಾಗ ಅಂತೂ ತಗದ್ರು, ಅಲ್ಲೆರ ಉಳದೈತಿ."

ಆ ಚೀಟಿ ಕಸಿದು ಹರಿಯಬೇಕೆನಿಸಿತು. ಅವನ ಮುಖದಲ್ಲಿ ಅಷ್ಟು ಹಿಗ್ಗು ನೋಡಿ, ಅದನ್ನು ಮಡಚಿ ಅವನ ಜೇಬಿಗೇ ಇಟ್ಟೆ.

ಒಳಗಿನಿಂದ ಅತ್ತೆ ಹೊಸ ಹೆಸರು ಹಿಡಿದು ಕೂಗಿದರು. ಯಾರನ್ನು ಕರೆಯುತ್ತಿದ್ದಾರೆಂದು ಅಪ್ಪ ಬಾಗಿಲ ಕಡೆ ನೋಡಿದ. ನಾನು ಎದ್ದು ಒಳಗೆ ಹೋದೆ.